ಸ್ನಾಯುವಿಗೂ ಒಂದು ಗಡಿಯಾರ

ಕಾರವಾರದ ಟಾಗೋರ್ ಬೀಚಿನಲ್ಲಿ ಬೆಳಿಗ್ಗೆ ಓಡುವವರೇ ಬೇರೆ, ಸಂಜೆ ಓಡುವವರೇ ಬೇರೆ. ನಾನು ಸಂಜೆಯವಳು. ಅದೇ ದೂರ, ಅದೇ ಮರಳು, ಆದರೂ ಸಂಜೆ ಕಾಲು ಹಗುರ. ಇದು ಸುಮ್ನೆ ಅನಿಸಿಕೆ ಅಲ್ಲ. ನಸುಕಿನಲ್ಲಿ ಮೈಯ ಬಿಸಿ ಕಡಿಮೆ ಇರುತ್ತದೆ, ಇಳಿಹೊತ್ತಿಗೆ ಏರುತ್ತದೆ. ಹೆಚ್ಚಿನವರ ಸ್ನಾಯುಗಳ ಬಲವೂ ಆಗಲೇ ಜಾಸ್ತಿ.

ಮಿದುಳಿನಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಸುಮಾರು 20,000 ನರಕೋಶಗಳ ಚಿಕ್ಕ ಗುಂಪಿದೆ. ಬೆಳಕು ನೋಡಿ ಅದು ದಿನದ ಲೆಕ್ಕ ಇಡುತ್ತದೆ. ನನಗೆ ಅದಕ್ಕಿಂತ ಅಚ್ಚರಿ ಅನಿಸಿದ್ದು, ಸ್ನಾಯುಕೋಶಗಳಲ್ಲೂ ಅವುಗಳದ್ದೇ ಗಡಿಯಾರ ಇದೆ ಅನ್ನುವುದು. ಕೆಲವು ಜೀನ್‌ಗಳಿಂದ ಪ್ರೋಟೀನ್ ತಯಾರಾಗುತ್ತದೆ. ಅದು ಜಾಸ್ತಿಯಾದಾಗ ಅದೇ ಜೀನ್‌ಗಳನ್ನು ತಡೆಯುತ್ತದೆ. ಅದು ಕರಗಿದ ಮೇಲೆ ಮತ್ತೆ ಶುರು. ಒಂದು ಸುತ್ತಿಗೆ ಹೆಚ್ಚುಕಡಿಮೆ 24 ಗಂಟೆ. ಹಣ್ಣುನೊಣದಲ್ಲಿ ಇದನ್ನು ಬಿಡಿಸಿ ತೋರಿಸಿದ ಹಾಲ್, ರಾಸ್‌ಬ್ಯಾಶ್, ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು.

ಸ್ನಾಯುವಿನ ಗಡಿಯಾರ ಊಟದ ಹೊತ್ತಿಗೂ ವ್ಯಾಯಾಮದ ಹೊತ್ತಿಗೂ ಹೊಂದಿಕೊಳ್ಳುತ್ತದೆ. ದಿನಾ ಬೆಳಿಗ್ಗೆಯೇ ಅಭ್ಯಾಸ ಮಾಡಿದರೆ ಬೆಳಗಿನ ಬಲ ಸಂಜೆಯದಕ್ಕೆ ಹತ್ತಿರ ಬರುತ್ತದೆ.

ರಾತ್ರಿಯೆಲ್ಲ ಬಲೆ ಎಳೆದು ಬೈತಖೋಲ ಬಂದರಿಗೆ ಮರಳುವ ಮೀನುಗಾರರ ಮೈ ಯಾವ ಹೊತ್ತನ್ನು ಹಗಲು ಅಂದುಕೊಂಡಿರುತ್ತದೋ! ಕಣ್ಣಿಗೆ ಕತ್ತಲೆ, ತೋಳಿಗೆ ದುಡಿಮೆ. ಅವರಿಗೂ ಬೇಗ ಏಳಿ, ವಾಕ್ ಮಾಡಿ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಹಗಲು ಮಲಗಲು ಕತ್ತಲೆಯ ಕೋಣೆ ಸಿಗಲಿ, ಅಲ್ವಾ?