ಸುಗ್ಗಿ ಮುಗಿದ ಮೇಲೆ ಹಳೆಯ ಕಂಬೈನ್‌ನ ಸವೆತವನ್ನು ಓದುವ ಕೆಲಸ

ಕೊನೆಯ ಹೊಲದ ಕೊಯ್ಲು ಮುಗಿಸಿ, ಬೆಳೆ ಕೊಯ್ದು ಕಾಳು ಬಿಡಿಸುವ ಕಂಬೈನನ್ನು ಶೆಡ್ಡಿಗೆ ತಂದು ನಿಲ್ಲಿಸಿದ ದಿನ, ಅದರ ಕಡೆ ಇನ್ನು ಕೆಲವು ತಿಂಗಳು ತಿರುಗಿ ನೋಡುವುದೇ ಬೇಡ ಎನ್ನಿಸುವಷ್ಟು ದಣಿವಾಗಿರುತ್ತದೆ. ನಾನೂ ಎಷ್ಟೋ ವರ್ಷ ಹಾಗೆಯೇ ಮಾಡಿ, ಮುಂದಿನ ಸುಗ್ಗಿಗೆ ಹದಿನೈದು ದಿನ ಉಳಿದಿರುವಾಗ ಸ್ಪ್ಯಾನರ್ ಹಿಡಿದವನೇ. ಈಗ ಯಂತ್ರ ನಿಂತ ವಾರದೊಳಗೇ ಕೆಲಸ ಆರಂಭಿಸುತ್ತೇನೆ. ಯಾವ ಬದಿಯಿಂದ ಕಿರುಗುಟ್ಟುವ ಸದ್ದು ಬರುತ್ತಿತ್ತು, ಯಾವ ಬೆಲ್ಟ್ ಭಾರ ಬಿದ್ದಾಗ ಜಾರುತ್ತಿತ್ತು, ಕಾಳಿನೊಂದಿಗೆ ಒಡೆದ ನುಚ್ಚು ಯಾವ ದಿನದಿಂದ ಹೆಚ್ಚಾಯಿತು ಎಂಬುದೆಲ್ಲ ಆಗ ಇನ್ನೂ ನೆನಪಿನಲ್ಲಿರುತ್ತದೆ. ಆರು ತಿಂಗಳ ನಂತರ ಅವುಗಳಲ್ಲಿ ಅರ್ಧವೂ ಉಳಿಯುವುದಿಲ್ಲ. ಚಾಲಕನ ಸೀಟಿನ ಪಕ್ಕ ಒಂದು ಸಣ್ಣ ಪುಸ್ತಕವನ್ನು ದಾರದಿಂದ ಕಟ್ಟಿಟ್ಟಿದ್ದೇನೆ. ಸುಗ್ಗಿಯ ಹೊತ್ತಿನಲ್ಲಿ ಅದರಲ್ಲಿ ಗೀಚಿದ ಸಾಲುಗಳೇ ನನ್ನ ದುರಸ್ತಿಯ ಪಟ್ಟಿ.

ನಾನು ಹೇಳುತ್ತಿರುವುದು ತೆನೆ ಬಡಿಯುವ ಅಡ್ಡ ಡ್ರಮ್, ಅದರ ಕೆಳಗೆ ಬಾಗಿದ ಜಾಲರಿಯಂಥ ಕಾನ್‌ಕೇವ್, ಹಿಂದೆ ಹುಲ್ಲನ್ನು ಒದರುವ ಸ್ಟ್ರಾ ವಾಕರ್‌ಗಳಿರುವ ಹಳೆಯ ಮಾದರಿಯ ಯಂತ್ರದ ವಿಷಯ. ಉದ್ದುದ್ದ ರೋಟರ್ ಇರುವ ಕಂಬೈನ್‌ಗಳು 1975ರ ಸುಮಾರಿಗೆ ಮಾರುಕಟ್ಟೆಗೆ ಬಂದ ಮೇಲೂ ಈ ಮಾದರಿ ಮರೆಯಾಗಲಿಲ್ಲ. ಬೇರಿಂಗ್ ಬಿಸಿಯಾಯಿತು, ಶಾಫ್ಟಿನ ವೇಗ ಇಳಿಯಿತು ಎಂದು ದೀಪ ಹೊತ್ತಿಸಿ ಎಚ್ಚರಿಸುವ ವ್ಯವಸ್ಥೆ ಈ ಯಂತ್ರಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಹೀಗಾಗಿ ಸವೆದ ಭಾಗವೇ ನಮಗೆ ಸಿಗುವ ಸಾಕ್ಷಿ, ಮತ್ತು ಆ ಸಾಕ್ಷಿಯನ್ನು ವಿಚಾರಿಸದೆ ಬಿಚ್ಚಿ ಎಸೆದು ಹೊಸದನ್ನು ಕೂರಿಸುವುದೇ ಹಳೆಯ ಯಂತ್ರದವರು ಮಾಡುವ ದೊಡ್ಡ ತಪ್ಪು.

ಮೊದಲ ಕೆಲಸ ಶುಚಿ ಮಾಡುವುದು. ಬಾಗಿಲುಗಳನ್ನೆಲ್ಲ ತೆರೆದು, ಹತ್ತಿರ ಯಾರೂ ನಿಲ್ಲದಂತೆ ನೋಡಿಕೊಂಡು, ಯಂತ್ರವನ್ನು ಖಾಲಿಯಾಗಿ ಕೆಲವು ನಿಮಿಷ ಓಡಿಸಿದರೆ ಅರ್ಧ ಕಸ ತಾನಾಗಿ ಉದುರುತ್ತದೆ. ಆಮೇಲೆ ಎಂಜಿನ್ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಎಲ್ಲವೂ ಪೂರ್ತಿ ನಿಂತ ಮೇಲೆ ಒಳಗಿನ ಮೂಲೆಗಳಿಗೆ ಕೈ ಹಾಕಬೇಕು. ಕಲ್ಲು ಹಿಡಿಯುವ ಗುಂಡಿ, ಕಾಳನ್ನು ಮೇಲಕ್ಕೊಯ್ಯುವ ಎಲಿವೇಟರ್‌ಗಳ ತಳ, ಕಾಳು ಸುರಿಯುವ ತಿರುಪು ಕೊಳವೆ ಆಗರ್‌ನ ಕೆಳತುದಿ, ಎರಡು ಜರಡಿಗಳ ನಡುವಿನ ಜಾಗ, ಎಂಜಿನ್ನಿನ ಹೊಗೆ ಕೊಳವೆಯ ಸುತ್ತಮುತ್ತ, ಇಲ್ಲೆಲ್ಲ ಕಾಳು ಮತ್ತು ಹೊಟ್ಟು ಬಚ್ಚಿಟ್ಟುಕೊಂಡಿರುತ್ತವೆ. ಹೊಟ್ಟು ಗಾಳಿಯ ತೇವವನ್ನು ಹೀರಿ ತಗಡಿಗೆ ಅಂಟಿಕೊಂಡರೆ ಅದರ ಅಡಿಯಲ್ಲಿ ತುಕ್ಕು ಹಿಡಿಯುತ್ತದೆ. ಉಳಿದ ಕಾಳಿಗೆ ಇಲಿ ಬರುತ್ತದೆ, ಬಂದ ಇಲಿ ಕಾಳು ಮುಗಿದ ಮೇಲೆ ವಿದ್ಯುತ್ ವೈರುಗಳಿಗೆ ಬಾಯಿ ಹಾಕುತ್ತದೆ. ನೀರಿನ ರಭಸದ ಪೈಪನ್ನಾಗಲಿ, ಕಂಪ್ರೆಸರ್ ಗಾಳಿಯನ್ನಾಗಲಿ ಬೇರಿಂಗಿನ ಸೀಲಿಗೆ ನೇರವಾಗಿ ಹಿಡಿಯಬಾರದು. ಹೊರಗಿದ್ದ ಧೂಳನ್ನು ಒಳಗೆ ನೂಕಿ ಬರುವ ಸುಗ್ಗಿಗೆ ಕೆಲಸ ಸೃಷ್ಟಿಸಿಕೊಂಡಂತಾಗುತ್ತದೆ ಅಷ್ಟೆ.

ಬೇರಿಂಗಿನ ವಿಷಯದಲ್ಲಿ ನಾನು ಪಾಠ ಕಲಿತದ್ದು ತಡವಾಗಿ. ಕಾಳಿನ ಎಲಿವೇಟರ್‌ನ ಕೆಳಗಿನ ಶಾಫ್ಟಿಗೆ ಎರಡು ಸುಗ್ಗಿಗಳಲ್ಲಿ ಮೂರು ಬೇರಿಂಗ್ ಹಾಕಿದೆ, ಮೂರೂ ಬಲಗಡೆಯವೇ. ಪ್ರತಿ ಸಲವೂ ಮಾಲು ಸರಿಯಿಲ್ಲ ಎಂದು ಬೈದುಕೊಂಡೆ. ಮೂರನೆಯದು ಹೋದ ಮೇಲೆ ಚೈನ್ ಓಡುವ ಎರಡು ಹಲ್ಲುಚಕ್ರಗಳ (ಸ್ಪ್ರಾಕೆಟ್‌ಗಳ) ಮುಖಕ್ಕೆ ಒಂದು ನೇರ ಪಟ್ಟಿ ಇಟ್ಟು ನೋಡಿದಾಗ, ಚಕ್ರವನ್ನು ಶಾಫ್ಟಿಗೆ ಹಿಡಿದಿಡುವ ಕೀ ಸವೆದು ಒಂದು ಸ್ಪ್ರಾಕೆಟ್ ಶಾಫ್ಟಿನ ಮೇಲೆ ಸುಮಾರು 6 ಮಿ.ಮೀ. ಸರಿದಿರುವುದು ಕಂಡಿತು. ಓರೆಯಾಗಿ ಎಳೆಯುತ್ತಿದ್ದ ಚೈನ್ ಬೇರಿಂಗನ್ನು ತಿನ್ನುತ್ತಿತ್ತು. ಬೇರಿಂಗ್ ಪಾಪ, ದೂರು ಹೇಳುತ್ತಿತ್ತು. ಅಂದಿನಿಂದ ಬಿಚ್ಚಿದ ಯಾವ ಭಾಗವನ್ನೂ ಕಾರಣ ಗೊತ್ತಾಗುವ ಮುನ್ನ ಗುಜರಿಗೆ ಹಾಕುವುದಿಲ್ಲ. ಸೀಲಿನ ಸುತ್ತ ಕೆಂಪು ಪುಡಿ ಕಂಡರೆ ಒಳಗಿನ ರಿಂಗ್ ಶಾಫ್ಟಿನ ಮೇಲೆಯೇ ತಿರುಗುತ್ತಿದೆ ಎಂದೂ, ಶಾಫ್ಟ್ ನೀಲಿಗಟ್ಟಿದ್ದರೆ ಅಲ್ಲಿ ವಿಪರೀತ ಬಿಸಿಯಾಗಿತ್ತೆಂದೂ ತಿಳಿಯಬೇಕು. ಬೆಲ್ಟ್ ಕಳಚಿ ಶಾಫ್ಟನ್ನು ಕೈಯಿಂದ ತಿರುಗಿಸುತ್ತಾ, ಬೇರಿಂಗಿನ ಮನೆಯ ಮೇಲೆ ಬೆರಳಿಟ್ಟರೆ ಮರಳಿನಂಥ ಒರಟು ತಿಳಿಯುತ್ತದೆ; ಸನ್ನೆಕೋಲಿನಿಂದ ಮೆಲ್ಲಗೆ ಎತ್ತಿದರೆ ಸಡಿಲ ಕಾಣುತ್ತದೆ. ಓರೆ ಕಾಲರ್‌ನಿಂದ ಬಿಗಿಯುವ ಬೇರಿಂಗ್ ಆಗಿದ್ದರೆ, ಆ ಕಾಲರನ್ನು ಶಾಫ್ಟ್ ಸುತ್ತುವ ದಿಕ್ಕಿಗೇ ತಿರುಗಿಸಿ ಬಿಗಿಯಬೇಕು. ಉಲ್ಟಾ ಬಿಗಿದರೆ ಕೆಲಸ ಮಾಡುತ್ತಲೇ ಸಡಿಲಗೊಳ್ಳುತ್ತದೆ.

ಇಡೀ ಯಂತ್ರದಲ್ಲಿ ಹೆಚ್ಚು ಹೊತ್ತು ಕೂರಬೇಕಾದ ಜಾಗವೆಂದರೆ ಡ್ರಮ್ ಮತ್ತು ಕಾನ್‌ಕೇವ್. ಡ್ರಮ್ಮಿನ ಮೇಲಿನ ರಾಸ್ಪ್ ಬಾರ್‌ಗಳ ಗೀರುಗಳು ಹೊಸದಿದ್ದಾಗ ಚೂಪಾದ ಅಂಚಿನವಾಗಿರುತ್ತವೆ, ಸವೆದಾಗ ನುಣ್ಣಗಾಗುತ್ತವೆ. ಬೆಳೆ ಮಧ್ಯದಲ್ಲಿ ದಪ್ಪವಾಗಿ ಹರಿದು ಬರುವುದರಿಂದ ಸವೆತವೂ ಸಾಮಾನ್ಯವಾಗಿ ಮಧ್ಯದಲ್ಲೇ ಹೆಚ್ಚು. ನೇರ ಪಟ್ಟಿಯನ್ನು ಬಾರಿನ ಉದ್ದಕ್ಕೆ ಇಟ್ಟರೆ ನಡುವಿನ ತಗ್ಗು ಬೆಳಕಿನಲ್ಲಿ ಕಾಣುತ್ತದೆ. ಒಂದು ಬಾರ್ ಮುರಿದಿದ್ದರೂ ಅದಕ್ಕೆ ನೇರ ಎದುರಿನದನ್ನು ಜೊತೆಯಲ್ಲೇ ಬದಲಿಸಬೇಕು, ಎಡಗೀರಿನ ಮತ್ತು ಬಲಗೀರಿನ ಬಾರ್‌ಗಳು ಒಂದು ಬಿಟ್ಟು ಒಂದರಂತೆ ಬರಬೇಕು, ಎದುರುಬದುರಿನವುಗಳನ್ನು ತೂಗಿ ಹೊಂದಿಸಬೇಕು. ಇದು ಅತಿಯಾಯಿತು ಎನ್ನುವವರಿಗೆ ಒಂದು ಸಣ್ಣ ಲೆಕ್ಕ: ನಿಮಿಷಕ್ಕೆ 1000 ಸುತ್ತು ತಿರುಗುವ ಡ್ರಮ್ಮಿನಲ್ಲಿ, ನಡುವಿನಿಂದ 30 ಸೆಂ.ಮೀ. ದೂರದಲ್ಲಿ, ಬರೀ 100 ಗ್ರಾಂ ತೂಕ ಒಂದು ಕಡೆ ಹೆಚ್ಚಿದ್ದರೆ, ಸುಮಾರು 33 ಕಿಲೋ ಭಾರದಷ್ಟು ಎಳೆತ ಸೆಕೆಂಡಿಗೆ 16-17 ಸಲ ಸುತ್ತು ಹೊಡೆಯುತ್ತಾ ಬೇರಿಂಗ್‌ಗಳನ್ನು ಅಲುಗಿಸುತ್ತದೆ.

ಕಾನ್‌ಕೇವಿನ ಅಡ್ಡಪಟ್ಟಿಗಳ ಅಂಚು ದುಂಡಗಾದಾಗ ತೆನೆಯಿಂದ ಕಾಳು ಬಿಡಿಸುವ ಶಕ್ತಿ ಕುಂದುತ್ತದೆ. ಆಗ ಚಾಲಕ ಸಹಜವಾಗಿ ಅಂತರವನ್ನು ಕಿರಿದು ಮಾಡಿ ಡ್ರಮ್ಮಿನ ವೇಗವನ್ನು ಏರಿಸುತ್ತಾನೆ. ಕಾಳೇನೋ ಬಿಡುತ್ತದೆ, ಆದರೆ ಒಡೆಯುತ್ತದೆ. ಹುಲ್ಲು ಚೂರುಚೂರಾಗಿ ಜರಡಿಯ ಮೇಲೆ ಬಿದ್ದು ಅದನ್ನು ಕಟ್ಟಿಸುತ್ತದೆ. ಜರಡಿ ಕಟ್ಟಿದ್ದರಿಂದ ಕಾಳು ಹಿಂದಿನಿಂದ ಹೊರಗೆ ಹೋಗುತ್ತದೆ. ಕೊನೆಗೆ ಬೈಗುಳ ತಿನ್ನುವುದು ಜರಡಿ ಮತ್ತು ಫ್ಯಾನು. ಜರಡಿಯನ್ನು ಹೀಗೆ ವೃಥಾ ರಿಪೇರಿ ಮಾಡಿಸಿದ ವರ್ಷ ನನ್ನ ಲೆಕ್ಕದಲ್ಲೂ ಒಂದಿದೆ. ಆದ್ದರಿಂದ ಕಾನ್‌ಕೇವಿನ ಅಂತರವನ್ನು ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಹೀಗೆ ನಾಲ್ಕೂ ಕಡೆ ಅಳೆಯುತ್ತೇನೆ. ಮುಂದೆ ಹೆಚ್ಚು, ಹಿಂದೆ ಕಡಿಮೆ ಇರಬೇಕು. ಎಡಬಲಗಳಲ್ಲಿ ವ್ಯತ್ಯಾಸ ಇರಬಾರದು. ಅದಾದ ಮೇಲೆ ಸನ್ನೆಯ ಪಕ್ಕದ ಮುಳ್ಳನ್ನು ನಿಜವಾದ ಅಳತೆಗೆ ಹೊಂದಿಸಬೇಕು, ಏಕೆಂದರೆ ಹಳೆಯ ಯಂತ್ರದಲ್ಲಿ ಆ ಮುಳ್ಳು ತೋರಿಸುವ ಅಂಕಿ ಬಹುಪಾಲು ಸುಳ್ಳು.

ಮುಂದಿನ ಕಟರ್ ಬಾರ್‌ನಲ್ಲಿ ಹಲ್ಲುಗಳ ಚೂಪನ್ನು ಎಲ್ಲರೂ ನೋಡುತ್ತಾರೆ, ಅದರ ಹೊಂದಾಣಿಕೆಯನ್ನು ನೋಡುವವರು ಕಡಿಮೆ. 3 ಇಂಚಿನ, ಅಂದರೆ 76.2 ಮಿ.ಮೀ. ಅಂತರದ ಹಲ್ಲುಗಳಿರುವ ಸಾಮಾನ್ಯ ಕಟರ್ ಬಾರ್‌ನಲ್ಲಿ, ಚಲನೆಯ ಎರಡೂ ತುದಿಗಳಲ್ಲಿ ಹಲ್ಲಿನ ಮಧ್ಯ, ಮುಂದಕ್ಕೆ ಚಾಚಿದ ಲೋಹದ ಬೆರಳಿನ (ಗಾರ್ಡ್) ಮಧ್ಯಕ್ಕೆ ಬಂದು ನಿಲ್ಲಬೇಕು. ಹಾಗೆ ನಿಲ್ಲದಿದ್ದರೆ ಎಷ್ಟು ಹೊಸ ಹಲ್ಲು ಹಾಕಿದರೂ ಬೆಳೆ ಕತ್ತರಿಸುವ ಬದಲು ಜಗಿದಂತಾಗುತ್ತದೆ. ಬಾಗಿದ ಬೆರಳುಗಳನ್ನು ನೇರ ಮಾಡದೆ ಹೊಸ ಹಲ್ಲು ಕೂರಿಸುವುದೂ ವ್ಯರ್ಥವೇ.

ಚೈನುಗಳ ಬಗ್ಗೆ ಕಣ್ಣಂದಾಜನ್ನು ನಂಬುವುದನ್ನು ಬಿಟ್ಟಿದ್ದೇನೆ. ಮುಕ್ಕಾಲು ಇಂಚಿನ ಪಿಚ್ ಇರುವ ರೋಲರ್ ಚೈನನ್ನು ಬಿಗಿಯಾಗಿ ಎಳೆದು 12 ಕೊಂಡಿಗಳನ್ನು ಅಳೆದರೆ ಹೊಸದರಲ್ಲಿ 228.6 ಮಿ.ಮೀ. ಬರುತ್ತದೆ. ಅದು 233 ದಾಟಿದರೆ ಶೇಕಡಾ 2ರಷ್ಟು ಉದ್ದವಾಗಿದೆ ಎಂದರ್ಥ. ಹೊಸ ಚೈನಿಗೆ ಬರೆದುಕೊಳ್ಳುತ್ತೇನೆ. ಹಲ್ಲು ಕೊಕ್ಕೆಯಂತೆ ಬಾಗಿದ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಹಾಕಿದರೆ ಅದೂ ಬೇಗನೆ ಹಳೆಯದಾಗುತ್ತದೆ, ಹಾಗಾಗಿ ಎರಡನ್ನೂ ಒಟ್ಟಿಗೆ ಬದಲಿಸುವುದೇ ಸರಿ. ಬೆಲ್ಟಿನ ಬದಿ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಜಾರಿದೆ. ಪುಲ್ಲಿಯ ತೋಡಿನ ತಳಕ್ಕೆ ತಾಗುತ್ತಿದ್ದರೆ ಬೆಲ್ಟ್ ಇಲ್ಲವೇ ಪುಲ್ಲಿ ಸವೆದಿದೆ. ಜೋಡಿಯಾಗಿ ಓಡುವ ಬೆಲ್ಟ್‌ಗಳಲ್ಲಿ ಒಂದನ್ನೇ ಬದಲಿಸಿದರೆ ಭಾರವೆಲ್ಲ ಹೊಸದರ ಮೇಲೆ ಬೀಳುತ್ತದೆ. ಯಂತ್ರ ನಿಂತಿರುವ ತಿಂಗಳುಗಳಲ್ಲಿ ಬೆಲ್ಟ್‌ಗಳ ಬಿಗಿಯನ್ನು ಸಡಿಲಿಸಿ, ಮರೆಯದಂತೆ ಸ್ಟೀರಿಂಗಿಗೆ ಒಂದು ಚೀಟಿ ಕಟ್ಟಿಡುತ್ತೇನೆ.

ಸ್ಟ್ರಾ ವಾಕರ್‌ಗಳ ಮರದ ಬೇರಿಂಗ್‌ಗಳು ಕೆಲವು ಹಳೆಯ ಯಂತ್ರಗಳಲ್ಲಿ ಇನ್ನೂ ಇವೆ. ಒಂದೊಂದನ್ನೂ ಕೈಯಿಂದ ಎತ್ತಿ ಇಳಿಸಿ, ಕಟಕಟ ಎಂದರೆ ಬದಲಿಸಿದರಾಯಿತು. ಎಂಜಿನ್ನಿನ ಕೆಲಸ ಯಾವ ಡೀಸೆಲ್ ಎಂಜಿನ್ನಿನದೂ ಹೌದು: ಕರಿಯ ಎಣ್ಣೆಯಲ್ಲಿ ಆಮ್ಲವೂ ಮಸಿಯೂ ಇರುವುದರಿಂದ ಯಂತ್ರವನ್ನು ನಿಲ್ಲಿಸಿಡುವ ಮುನ್ನವೇ ಅದನ್ನು ಬದಲಿಸಬೇಕು, ಒಳಗೆ ನೀರು ಹನಿಗಟ್ಟದಂತೆ ಡೀಸೆಲ್ ಟ್ಯಾಂಕನ್ನು ತುಂಬಿಡಬೇಕು, ಬ್ಯಾಟರಿಯನ್ನು ಕಳಚಿ 12.6 ವೋಲ್ಟ್‌ವರೆಗೆ ಚಾರ್ಜ್ ಮಾಡಿಟ್ಟು ನಡುನಡುವೆ ಪರೀಕ್ಷಿಸಬೇಕು.

ಇವೆಲ್ಲದರ ನಡುವೆ ಒಂದು ವಿಷಯದಲ್ಲಿ ನಾನು ಹಠಮಾರಿ. ಎತ್ತಿ ನಿಲ್ಲಿಸಿದ ಹೆಡರ್ (ಮುಂಭಾಗದ ಕೊಯ್ಯುವ ಭಾಗ) ಕೆಳಗೆ, ಹೈಡ್ರಾಲಿಕ್ ಎಷ್ಟೇ ಚೆನ್ನಾಗಿದ್ದರೂ, ಸಿಲಿಂಡರಿನ ಲಾಕ್ ಹಾಕಿ ದಿಮ್ಮಿ ಕೊಡದೆ ನಾನು ಹೋಗುವುದೂ ಇಲ್ಲ, ಬೇರೆಯವರನ್ನು ಬಿಡುವುದೂ ಇಲ್ಲ. ಡ್ರಮ್ಮನ್ನು ಕೈಯಿಂದ ತಿರುಗಿಸುವಾಗ ಒಬ್ಬನೇ ಇರಬೇಕು. ಒಬ್ಬ ತಿರುಗಿಸುತ್ತಾ ಇನ್ನೊಬ್ಬ ಬೆಲ್ಟಿನ ಬಳಿ ಬೆರಳಿಡುವ ಜೊತೆಗಾರಿಕೆ ಬೇಡವೇ ಬೇಡ.

ಜೋಡಣೆ ಮುಗಿದ ಮೇಲೆ ಯಂತ್ರವನ್ನು ಮೊದಲು ನಿಧಾನವಾಗಿ, ಆಮೇಲೆ ಪೂರ್ಣ ವೇಗದಲ್ಲಿ ಅರ್ಧ ಗಂಟೆ ಖಾಲಿ ಓಡಿಸಿ, ನಿಲ್ಲಿಸಿದ ಕೂಡಲೇ ಬೇರಿಂಗ್‌ಗಳ ಬಿಸಿಯನ್ನು ಒಂದೊಂದಾಗಿ ನೋಡುತ್ತೇನೆ. ಪಕ್ಕದವುಗಳಿಗಿಂತ ಒಂದೇ ಒಂದು ಹೆಚ್ಚು ಬಿಸಿಯಾಗಿದ್ದರೂ ಅದು ಪುಸ್ತಕಕ್ಕೆ ಹೋಗುತ್ತದೆ. ಈ ಸಲ ಎಲ್ಲ ಸಾಲುಗಳ ಮೇಲೂ ಗೀಟು ಬಿದ್ದಿದೆ, ಒಂದನ್ನು ಬಿಟ್ಟು: ಕಾಳು ಮತ್ತೆ ಡ್ರಮ್ಮಿಗೆ ಮರಳುವ ಎಲಿವೇಟರ್‌ನ ಚೈನ್ ಒಂದೇ ಬದಿಗೆ ಉಜ್ಜುತ್ತಿದೆ. ಹೊಸ ಚೈನ್ ತಂದಿಟ್ಟಿದ್ದೇನೆ. ಉಜ್ಜುತ್ತಿರುವುದೇಕೆಂದು ತಿಳಿಯುವವರೆಗೆ ಅದು ಪೊಟ್ಟಣದಲ್ಲೇ ಇರುತ್ತದೆ.