ಸಾಲಿನಲ್ಲಿ ನಿಂತ ಮಗು ಹಾಕಿ ಕಲಿಯುವುದಿಲ್ಲ

ಎಳೆಯರ ಐಸ್ ಹಾಕಿ ತರಬೇತಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಸಾಲು. ಗೋಡೆಯ ಪಕ್ಕ ಹದಿನೈದು ಮಕ್ಕಳು. ಸೀಟಿ ಊದಿದಾಗ ಒಬ್ಬೊಬ್ಬರೇ ಹೊರಟು, ಕೋನ್‌ಗಳ ನಡುವೆ ನುಸುಳಿ, ಗೋಲಿಗೆ ಒಂದು ಹೊಡೆದು ಮತ್ತೆ ಸಾಲಿನ ಕೊನೆಗೆ ಬಂದು ನಿಲ್ಲುತ್ತಾರೆ. ನೋಡುವವರಿಗೆ ಬಹಳ ಶಿಸ್ತು. ಈಗ ಲೆಕ್ಕ ಹಾಕಿ: ಎಂಟು ಸೆಕೆಂಡಿಗೊಬ್ಬರಂತೆ ಬಿಟ್ಟರೂ ಒಂದು ಮಗುವಿನ ಸರದಿ ಮತ್ತೆ ಬರುವುದು ಎರಡು ನಿಮಿಷಕ್ಕೆ. ಒಂದು ಓಟಕ್ಕೆ 20 ಸೆಕೆಂಡು ಹಿಡಿದರೆ ಹತ್ತು ನಿಮಿಷದಲ್ಲಿ ಅದು ಚಲಿಸಿದ್ದು 100 ಸೆಕೆಂಡು. ಉಳಿದ 8 ನಿಮಿಷ 20 ಸೆಕೆಂಡು ಚಳಿಯಲ್ಲಿ ನಿಂತಿದ್ದು. ಮಗುವಿಗೆ ಪ್ರತಿಭೆ ಇದೆಯೋ ಇಲ್ಲವೋ ಎಂದು ಮಾತಾಡುವ ಮೊದಲು ಕೋಚ್ ಈ ಲೆಕ್ಕಕ್ಕೆ ಉತ್ತರ ಕೊಡಬೇಕು.

ಇದಕ್ಕೆ ಮದ್ದು ಐಸನ್ನು ಚಿಕ್ಕದು ಮಾಡುವುದು. ಉತ್ತರ ಅಮೆರಿಕದ ರಿಂಕ್ (ಐಸ್ ಅಂಗಳ) ಸುಮಾರು 61 ಮೀಟರ್ ಉದ್ದ, 26 ಮೀಟರ್ ಅಗಲ. ಅದು ದೊಡ್ಡವರ ಕಾಲಿಗೆ ಹೊಂದುವ ಅಳತೆ. 1.2 ಮೀಟರ್ ಎತ್ತರದ ಮಗು ಅದರಲ್ಲಿ ಆಡುವುದೆಂದರೆ, 1.85 ಮೀಟರ್ ಎತ್ತರದ ಆಟಗಾರನನ್ನು 94 ಮೀಟರ್ ಉದ್ದ, 40 ಮೀಟರ್ ಅಗಲದ ರಿಂಕಿಗೆ ಇಳಿಸಿದಂತೆ. ಅಲ್ಲಿ ಗೆಲ್ಲುವುದು ಬೇಗ ಬೆಳೆದ ಒಂದು ಮಗು ಮಾತ್ರ: ಪಕ್ (ಚೆಂಡಿನ ಬದಲಿನ ರಬ್ಬರ್ ಬಿಲ್ಲೆ) ಕೋಲಿನಿಂದ ತಳ್ಳಿಕೊಂಡು ನೇರ ಓಡುತ್ತದೆ, ಮಿಕ್ಕವರು ಹಿಂದಿನಿಂದ ಬೆನ್ನಟ್ಟುತ್ತಾರೆ. ಆ ಮಗುವೂ ಕಲಿಯುವುದು ನೇರ ಓಟವನ್ನಷ್ಟೇ. ಯುಎಸ್‌ಎ ಹಾಕಿ ಸಂಸ್ಥೆ 2009ರಲ್ಲಿ ತಂದ ಅಮೆರಿಕನ್ ಡೆವಲಪ್‌ಮೆಂಟ್ ಮಾಡೆಲ್ ಎಂಬ ತರಬೇತಿ ಮಾದರಿ ಎಂಟು ವರ್ಷದೊಳಗಿನವರನ್ನು ರಿಂಕಿನ ಉದ್ದಕ್ಕಲ್ಲ, ಅಡ್ಡಕ್ಕೆ ಆಡಿಸಲು ಹೇಳಿತು. 2017–18ರ ಋತುವಿನಿಂದ ಹಾಕಿ ಕೆನಡಾ ಕೂಡ ಅತಿ ಚಿಕ್ಕವರ ಪಂದ್ಯಗಳನ್ನು ಇಡೀ ರಿಂಕಿನಿಂದ ಸಣ್ಣ ಅಂಗಳಕ್ಕೆ ಇಳಿಸಿತು. "ಇದು ನಿಜವಾದ ಹಾಕಿಯೇ ಅಲ್ಲ" ಎಂದು ಪೋಷಕರು ಸಿಟ್ಟಾಗುವುದುಂಟು. ಅವರಿಗೆ ಉಪದೇಶ ಬೇಡ. ಎರಡೂ ಬಗೆಯ ಆಟ ಆಡಿಸಿ, ಅವರ ಮಗುವಿನ ಕೋಲಿಗೆ ಪಕ್ ಎಷ್ಟು ಸಲ ತಗುಲಿತು ಎಂದು ಅವರ ಕೈಯಲ್ಲೇ ಎಣಿಸಿ.

ಅರವತ್ತು ನಿಮಿಷದ ಐಸ್, 30 ಮಕ್ಕಳು ಎಂದುಕೊಳ್ಳಿ. ಮೊದಲ ಐದು ನಿಮಿಷ ಎಲ್ಲರಿಗೂ ಒಂದೊಂದು ಪಕ್ ಕೊಟ್ಟು ಸುಮ್ಮನೆ ಬಿಟ್ಟುಬಿಡಿ. ಆಮೇಲೆ ರಿಂಕಿನ ಮೂರು ವಲಯಗಳನ್ನು ತಲಾ ಎರಡಾಗಿ ಸೀಳಿದರೆ ಆರು ಠಾಣೆ (ಬೇರೆಬೇರೆ ಅಭ್ಯಾಸದ ಜಾಗ), ಪ್ರತಿ ಠಾಣೆಗೆ ಐದು ಮಕ್ಕಳು. ಏಳು ನಿಮಿಷ ಕೆಲಸ, ಒಂದು ನಿಮಿಷ ಜಾಗ ಬದಲು; ಆರು ಸುತ್ತಿಗೆ 48 ನಿಮಿಷ. ಕೊನೆಯ ಏಳು ನಿಮಿಷ ಆಟ. ಎರಡು ಠಾಣೆ ಬರೀ ಸ್ಕೇಟಿಂಗಿಗೆ, ಒಂದು ಪಕ್ ಹಿಡಿತಕ್ಕೆ, ಒಂದು ಪಾಸಿಗೆ, ಉಳಿದೆರಡು ಎದುರಾಳಿ ಇರುವ ಸಣ್ಣ ಆಟಕ್ಕೆ.

ಈ ಯೋಜನೆ ಕೆಡುವ ಜಾಗಗಳು ಗೊತ್ತಿರುವಂಥವೇ. ಏಳು ನಿಮಿಷದಲ್ಲಿ ಎರಡು ನಿಮಿಷ ವಿವರಣೆಗೇ ಹೋಗುತ್ತದೆ. ಹೇಳುವುದನ್ನು 30 ಸೆಕೆಂಡಿನಲ್ಲಿ ಮುಗಿಸಿ, ಒಮ್ಮೆ ಮಾಡಿ ತೋರಿಸಿ, ಶುರು ಮಾಡಿಸಿ. ತಪ್ಪನ್ನು ಆಟದ ನಡುವೆಯೇ ತಿದ್ದಿ. ಹೇಳುವಾಗ ಮಕ್ಕಳ ಬೆನ್ನು ರಿಂಕಿನ ಕಡೆಗಿರಲಿ, ಇಲ್ಲವಾದರೆ ಕಣ್ಣು ಪಕ್ಕದ ಠಾಣೆಯಲ್ಲೇ ಇರುತ್ತದೆ. ಶಾಟ್ ಹೊಡೆಯುವ ದಿಕ್ಕು ಯಾವಾಗಲೂ ಹೊರಗೋಡೆಯ ಕಡೆಗಿರಬೇಕು. ಒಳಮುಖವಾಗಿ ಹೊಡೆಸಿದರೆ ಪಕ್ಕದ ಮಗುವಿನ ಕಾಲಿಗೆ ಪಕ್ ಬಡಿಯುವುದು ಖಂಡಿತ. ಚಿಕ್ಕ ಗೋಲುಗಳು, ಟೈರು, ಕೋನ್ ಎಲ್ಲಿ ಬರಬೇಕೆಂದು ಬಟ್ಟೆ ಬದಲಿಸುವ ಕೋಣೆಯಲ್ಲೇ ಸಹಾಯಕರಿಗೆ ಚೀಟಿ ಹಂಚಿರಿ. ಐಸಿಗೆ ಇಳಿದ ಮೇಲೆ ಯೋಚಿಸುವ ಕೋಚ್ ಮಕ್ಕಳ ನಿಮಿಷಗಳನ್ನು ತಿನ್ನುತ್ತಾನೆ.

ಸ್ಕೇಟಿಂಗ್ ವಿಷಯಕ್ಕೆ ಬರೋಣ, ಅತಿ ಹೆಚ್ಚು ತಪ್ಪು ತೀರ್ಪು ಬೀಳುವುದು ಇಲ್ಲೇ. ಮಗು ಒಂದು ಕಡೆಗೆ ಚೆನ್ನಾಗಿ ನಿಲ್ಲುತ್ತದೆ, ಇನ್ನೊಂದು ಕಡೆಗೆ ಜಾರುತ್ತದೆ. ಕೋಚ್ ಬೈಯುವ ಮೊದಲು ಸ್ಕೇಟನ್ನು ತಲೆಕೆಳಗೆ ಹಿಡಿದು ಬ್ಲೇಡಿನ ಮೇಲೆ ಅಡ್ಡಲಾಗಿ ಒಂದು ನಾಣ್ಯ ಇಡಲಿ. ನಾಣ್ಯ ಬ್ಲೇಡಿಗೆ ನೇರ ಲಂಬವಾಗಿ ಕೂರಬೇಕು. ವಾಲಿದರೆ ಸಾಣೆ ಹಿಡಿದವರು ಒಂದು ಅಂಚನ್ನು ಎತ್ತರ, ಇನ್ನೊಂದನ್ನು ತಗ್ಗು ಮಾಡಿದ್ದಾರೆ ಎಂದರ್ಥ. ಅದು ಮಗುವಿನ ತಪ್ಪಲ್ಲ. ಬ್ಲೇಡಿನ ತಳದಲ್ಲಿ ಎರಡು ಅಂಚುಗಳ ನಡುವಿನ ಕಾಲುವೆಯ ಆಳವೂ ಹಾಗೆಯೇ: ಅದರ ಬಾಗನ್ನು ತ್ರಿಜ್ಯದಲ್ಲಿ ಹೇಳುತ್ತಾರೆ, ಅರ್ಧ ಇಂಚು ಸಾಮಾನ್ಯ; ಸಂಖ್ಯೆ ಚಿಕ್ಕದಾದಷ್ಟೂ ಕಾಲುವೆ ಆಳವಾಗುತ್ತದೆ, ಐಸನ್ನು ಕಚ್ಚಿ ಹಿಡಿಯುತ್ತದೆ, ನಿಲ್ಲುವುದು ಕಷ್ಟವಾಗುತ್ತದೆ. ಇನ್ನು "ಮೊಣಕಾಲು ಬಗ್ಗಿಸು" ಎಂದು ನೂರು ಸಲ ಕೂಗಿದರೂ ಸೊಂಟವನ್ನಷ್ಟೇ ಬಗ್ಗಿಸುವ ಮಕ್ಕಳಿದ್ದಾರೆ. ಹಲವರಿಗೆ ಬೂಟಿನ ಮೇಲ್ಭಾಗ ಕಾಲಿನ ಗಿಣ್ಣನ್ನು ಮುಂದಕ್ಕೆ ಬಾಗಲು ಬಿಡುತ್ತಿಲ್ಲ. ಮೇಲಿನ ಒಂದು ತೂತು ಬಿಟ್ಟು ಲೇಸ್ ಕಟ್ಟಿ ನೋಡಿ. "ಮುಂದಿನ ವರ್ಷಕ್ಕೂ ಆಗಲಿ" ಎಂದು ಎರಡು ಸೈಜ್ ದೊಡ್ಡದು ಕೊಂಡಿದ್ದರೆ ಗಿಣ್ಣು ಒಳಕ್ಕೆ ಕುಸಿಯುತ್ತದೆ. ಅದಕ್ಕೆ ಯಾವ ಡ್ರಿಲ್ಲೂ ಪರಿಹಾರವಲ್ಲ.

ಉಪಕರಣ ಸರಿಯಿದ್ದರೆ ನಿಲ್ಲುವುದನ್ನು ಕಲಿಸುವ ಕ್ರಮ ಹೀಗೆ. ಮೊದಲು ಗೋಡೆ ಹಿಡಿದು, ಒಂದು ಕಾಲಿನ ಒಳ ಅಂಚಿನಿಂದ ಐಸನ್ನು ಹೊರಕ್ಕೆ ಕೆರೆದು ಪುಡಿ ಎಬ್ಬಿಸುವುದು. ಆಮೇಲೆ ನಿಧಾನವಾಗಿ ಜಾರುತ್ತಾ ಅದೇ ಕೆರೆತ. ನಂತರ ಸೊಂಟ ತಿರುಗಿಸಿ ಎರಡೂ ಕಾಲು. ಹಿಮ್ಮಡಿಯ ಮೇಲೆ ಭಾರ ಬಿದ್ದರೆ ಮಗು ಹಿಂದಕ್ಕೆ ಬೀಳುತ್ತದೆ. ಪಾದದ ಮಧ್ಯಕ್ಕೆ ಭಾರ ತನ್ನಿ. ಒಳ್ಳೆಯ ಕಡೆಗೆ ಹತ್ತು ಸಲವಾದರೆ ಒಲ್ಲದ ಕಡೆಗೆ ಇಪ್ಪತ್ತು.

ಕೋಲು ಮತ್ತು ಪಕ್ ಬಗ್ಗೆ ಎರಡು ಮಾತು ಸಾಕು. ಸ್ಕೇಟ್ ತೊಟ್ಟು ನಿಂತಾಗ ಕೋಲಿನ ತುದಿ ಗಲ್ಲದ ಹತ್ತಿರ ಬರಬೇಕು. ಅಣ್ಣನ ಕೋಲನ್ನು ಕತ್ತರಿಸಿ ತಮ್ಮನಿಗೆ ಕೊಟ್ಟರೆ ಉದ್ದ ಸರಿಹೋಗುತ್ತದೆ, ಆದರೆ ಗಿಡ್ಡವಾದಷ್ಟೂ ಕೋಲು ಇನ್ನೂ ಬಿರುಸಾಗುತ್ತದೆ. ಅದನ್ನು ಬಾಗಿಸಲಾರದ ಮಗು ಕೈ ಬೀಸಿ ಹೊಡೆಯುವ ಚಾಳಿ ಬೆಳೆಸಿಕೊಳ್ಳುತ್ತದೆ. ಮಾಮೂಲಿ ಪಕ್ 156ರಿಂದ 170 ಗ್ರಾಂ, ಚಿಕ್ಕವರ ನೀಲಿ ಪಕ್ ಸುಮಾರು 113 ಗ್ರಾಂ. ಎಂಟರೊಳಗಿನವರಿಗೆ ನೀಲಿಯದೇ ಇರಲಿ.

ಸಣ್ಣ ಅಂಗಳದ ಆಟಗಳೇ ನನ್ನ ಪ್ರಕಾರ ಈ ಕೆಲಸದ ಹೃದಯ. ಕೋನ್ ಪಕ್ ಕಸಿಯುವುದಿಲ್ಲ, ದಾರಿ ಮುಚ್ಚುವುದಿಲ್ಲ, ಮೋಸ ಹೋಗುವುದಿಲ್ಲ. ಹಾಗಾಗಿ ಕೋನ್ ಮುಂದೆ ಸೊಗಸಾಗಿ ಆಡುವ ಮಗು ಪಂದ್ಯದಲ್ಲಿ ತಲೆ ಎತ್ತದೆ ಪಕ್ ಕಳೆದುಕೊಳ್ಳುತ್ತದೆ. ಒಂದು ಮೂಲೆಯಲ್ಲಿ ಎರಡು ಗೋಲುಗಳನ್ನು ಬೆನ್ನಿಗೆ ಬೆನ್ನು ಇಟ್ಟು ಮೂವರ ವಿರುದ್ಧ ಮೂವರನ್ನು ಆಡಿಸಿ. ಗೋಲಿನ ಹಿಂದಕ್ಕೆ ತಿರುಗುವುದು, ಪಕ್ ಕಾಯುವುದು, ಮರೆಯಿಂದ ಹೊರಬಂದು ಪಾಸಿಗೆ ಕಾಣಿಸಿಕೊಳ್ಳುವುದು ಹೇಳಿಕೊಡದೆಯೇ ಬರುತ್ತದೆ. ಪಾಸೇ ಬರುತ್ತಿಲ್ಲವಾದರೆ ಅಂಗಳ ದೊಡ್ಡದಾಯಿತು ಎಂದೋ, ಒಬ್ಬರನ್ನು ಸೋಲಿಸಿದರೆ ಸಾಕಾಗುತ್ತಿದೆ ಎಂದೋ ಅರ್ಥ. ಅಂಗಳ ಕುಗ್ಗಿಸಿ, ಹೊರಗೆ ಒಬ್ಬ ಸಹಾಯಕ ಆಟಗಾರನನ್ನು ನಿಲ್ಲಿಸಿ. ಸರದಿ 40 ಸೆಕೆಂಡು ಮೀರಿದರೆ ವೇಗ ಸತ್ತು ಮಕ್ಕಳು ಕೋಲು ಚಾಚಿ ಕಾಯತೊಡಗುತ್ತಾರೆ. ಪಕ್ ಹೊರಹೋದ ಕ್ಷಣವೇ ಕೋಚ್ ಹೊಸದನ್ನು ಎಸೆಯುತ್ತಿದ್ದರೂ ಅಪಾಯವಿದೆ: ಕಳೆದ ಪಕ್‌ಗಾಗಿ ಯಾರೂ ಹೋರಾಡುವುದಿಲ್ಲ.

ಗೋಲಿಯನ್ನು, ಅಂದರೆ ಗೋಲು ಕಾಯುವ ಆಟಗಾರನನ್ನು, ಬಹುತೇಕ ತರಬೇತಿಗಳು ಗುರಿಹಲಗೆಯಂತೆ ಬಳಸುತ್ತವೆ, ಇದು ನೋವಿನ ಸಂಗತಿ. ಒಂದರ ಹಿಂದೊಂದು ಶಾಟ್ ಬಂದರೆ ಅವನಿಗೆ ಎದ್ದು ಕೋನ ಸರಿಪಡಿಸಿಕೊಳ್ಳಲು ವೇಳೆಯಿಲ್ಲ. ಮೊಣಕಾಲೂರಿಯೇ ಉಳಿಯುವ ಚಟ ಅಂಟುತ್ತದೆ, ಸೊಂಟದ ಕೀಲಿಗೂ ಪೆಟ್ಟು. ಗೋಲಿ ನೆಟ್ಟಗೆ ನಿಂತು ಸಿದ್ಧನಾದ ಮೇಲೆಯೇ ಮುಂದಿನವರು ಹೊರಡಲಿ. ಹತ್ತು ವರ್ಷದೊಳಗೆ ಈ ಜಾಗ ಎಲ್ಲರಿಗೂ ಸರದಿಯಲ್ಲಿ ಬರಲಿ.

ಮೈಯಿಂದ ಡಿಕ್ಕಿ ಹೊಡೆಯುವುದನ್ನು ಯುಎಸ್‌ಎ ಹಾಕಿ 2011ರಲ್ಲಿ 13–14ರ ಗುಂಪಿಗೆ ಮುಂದೂಡಿತು. ಹಾಕಿ ಕೆನಡಾ 2013ರಲ್ಲಿ 11–12ರ ಗುಂಪಿನಿಂದ ತೆಗೆದುಹಾಕಿತು. ಸರಿಯಾದ ತೀರ್ಮಾನ. ಆದರೆ ಕೆಲವರು ಇದನ್ನು "ಅಲ್ಲಿಯವರೆಗೆ ಮೈ ತಾಗುವ ಪಾಠವೇ ಬೇಡ" ಎಂದು ಓದಿಕೊಂಡರು, ಅಪಾಯ ಬಂದದ್ದು ಅಲ್ಲಿ. ಎಂಟನೇ ವಯಸ್ಸಿನಿಂದಲೇ ಎದುರಾಳಿಯನ್ನು ಓರೆಯಾಗಿ ಗೋಡೆಯತ್ತ ಒತ್ತರಿಸುವುದು, ಮೊದಲು ಕೋಲಿಗೆ ಕೋಲು ಕೊಡುವುದು, ಸಮತೋಲ ಕಾಯುವುದು ಕಲಿಸಬಹುದು. ಗೋಡೆಯಿಂದ ಒಂದೂವರೆ ಮೀಟರಿನ ಪಟ್ಟಿ ಅತ್ಯಂತ ಅಪಾಯದ್ದು: ಅಲ್ಲಿ ತಲೆ ತಗ್ಗಿಸಿ ಗೋಡೆಗೆ ಮುಖಮಾಡಿ ನಿಲ್ಲಬಾರದು. ಪಕ್‌ನತ್ತ ಓರೆಯಾಗಿ ಹೋಗಿ, ಮೈಯನ್ನು ಗೋಡೆಗೆ ಒತ್ತಿ, ತಲೆ ಎತ್ತಿಡಬೇಕು.

ಇನ್ನು ಆಯ್ಕೆ. "ಬೆಳೆಯುವ ಪೈರು ಮೊಳಕೆಯಲ್ಲೇ" ಎಂಬ ಮಾತು ಹತ್ತು ವರ್ಷದವರ ಟ್ರಯಲ್ಸ್‌ನಲ್ಲಿ ಕೋಚನ್ನು ಮೋಸಗೊಳಿಸುತ್ತದೆ. ವಯಸ್ಸಿನ ಗಡಿ ಜನವರಿ 1 ಆದರೆ ಜನವರಿಯ ಮಗುವಿಗೂ ಡಿಸೆಂಬರಿನ ಮಗುವಿಗೂ ಹನ್ನೊಂದು ತಿಂಗಳ ಅಂತರ. ಒಂಬತ್ತು ವರ್ಷದವರಿಗೆ ಅದು ಬಾಳಿನ ಹತ್ತರಲ್ಲೊಂದು ಪಾಲು. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಕೆನಡಾದ ತಂಡಗಳಲ್ಲಿ ತುಂಬಿರುವುದನ್ನು ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ 1980ರ ದಶಕದಲ್ಲೇ ತೋರಿಸಿದರು. ಟ್ರಯಲ್ಸ್ ದಿನ ಜರ್ಸಿ ಸಂಖ್ಯೆಗಳನ್ನು ಹುಟ್ಟಿದ ದಿನಾಂಕದ ಕ್ರಮದಲ್ಲೇ ಕೊಡಿ. 28ನೇ ಸಂಖ್ಯೆಯ ಪುಟಾಣಿ 3ನೆಯವನ ಜೊತೆ ಸರಿಸಮ ಆಡುತ್ತಿದ್ದರೆ ಏನನ್ನು ನೋಡುತ್ತಿದ್ದೀರಿ ಎಂದು ಬೇರೆ ಹೇಳಬೇಕಿಲ್ಲ. ಎತ್ತರವನ್ನು ಮೂರು ತಿಂಗಳಿಗೊಮ್ಮೆ ಬರೆದಿಡಿ. ಕಾಲು ದಿಢೀರನೆ ಉದ್ದವಾದಾಗ ಮೊನ್ನೆಯವರೆಗೆ ನಯವಾಗಿದ್ದ ಹೆಜ್ಜೆ ಒಡೆಯುತ್ತದೆ. ಆ ಹೊತ್ತಿನಲ್ಲಿ ತಂಡದಿಂದ ಕೈಬಿಡುವುದು ಅನ್ಯಾಯ.

ಮುಂದಿನ ತರಬೇತಿಗೆ ಒಬ್ಬ ಸಹಾಯಕರ ಕೈಗೆ ಸ್ಟಾಪ್‌ವಾಚ್ ಕೊಟ್ಟು ಬೆಂಚಿನಲ್ಲಿ ಕೂರಿಸಿ. ಸದ್ದಿಲ್ಲದೆ ಹಿಂದೆ ಉಳಿಯುವ ಒಂದು ಮಗುವನ್ನು ಆರಿಸಿ, ಹತ್ತು ನಿಮಿಷದಲ್ಲಿ ಅದು ಚಲಿಸಿದ ಸೆಕೆಂಡುಗಳನ್ನೂ ಪಕ್ ಮುಟ್ಟಿದ ಸಲಗಳನ್ನೂ ಬರೆಸಿ. ಮರುವಾರ ಬೇರೆ ಮಗು. ಎರಡು ವಾರದ ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡೇ ಮೂರನೇ ವಾರದ ಠಾಣೆಗಳನ್ನು ಬರೆಯಿರಿ.