"ಕ್ರಿಸ್‌ಮಸ್ ದಿನವೂ ಡ್ಯೂಟಿಯೇ?" ಎಂದು ಕೇಳುವವರಿಗೆ

ಡಿಸೆಂಬರ್ ಮೊದಲ ವಾರ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ನಾನು ಇಂಗ್ಲೆಂಡಿನ ಮಧ್ಯಭಾಗದ ಊರೊಂದರ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯಲ್ಲಿ, ವಯೋವೃದ್ಧರ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ಊರಿನಿಂದ ಫೋನ್ ಮಾಡುವ ದೊಡ್ಡಮ್ಮ, ಇಲ್ಲಿನ ಕನ್ನಡಿಗರ ಹಬ್ಬದೂಟಗಳಲ್ಲಿ ಸಿಗುವ ಪರಿಚಿತರು, ಮಗಳ ಶಾಲೆಯ ಗೇಟಿನ ಬಳಿ ಕಾಯುವ ತಾಯಂದಿರು, ಎಲ್ಲರೂ ಕೇಳುವುದು ಇದನ್ನೇ: "ಕ್ರಿಸ್‌ಮಸ್ ದಿನವೂ ಡ್ಯೂಟಿಯೇ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿರುವುದರಿಂದ ಈ ಸಲ ಬರೆದಿಡುತ್ತಿದ್ದೇನೆ. ಹೌದು, ಡ್ಯೂಟಿಯೇ. ವಾರ್ಡಿನ ಹಾಸಿಗೆಗಳಲ್ಲಿ ರೋಗಿಗಳಿರುವವರೆಗೆ ಅವರ ಬಳಿ ಯಾರಾದರೂ ಇರಲೇಬೇಕು, ಆ ಯಾರಾದರೂ ಎನ್ನುವವರಲ್ಲಿ ನಾನೂ ಒಬ್ಬಳು.

ಇಷ್ಟಕ್ಕೇ ನಿಂತರೆ ನನಗೆ ಬೇಸರವಿಲ್ಲ. ಪ್ರಶ್ನೆಗೆ ಅಂಟಿಕೊಂಡು ಬರುವ ಮಾತುಗಳು ನನ್ನ ತಾಳ್ಮೆಯನ್ನು ಕೆಡಿಸುತ್ತವೆ. ಕೆಲವು ವರ್ಷಗಳ ಹಿಂದೆ ದೀಪಾವಳಿಯ ಊಟಕ್ಕೆ ಸೇರಿದ್ದಾಗ ಹಿರಿಯರೊಬ್ಬರು ನನ್ನ ಮಗಳ ಎದುರಿನಲ್ಲೇ, "ಆ ದಿನ ಡಬಲ್ ಸಂಬಳ ಕೊಡ್ತಾರಂತಲ್ಲಮ್ಮ, ಅದಕ್ಕೇ ನೀವೆಲ್ಲ ನಾ ಮುಂದು ತಾ ಮುಂದು ಅಂತ ಹೋಗ್ತೀರಿ" ಎಂದು ನಗುತ್ತ ಹೇಳಿದರು. ಸುತ್ತ ಕುಳಿತವರೂ ನಕ್ಕರು. ನನ್ನ ಮಗಳು ನನ್ನ ಮುಖ ನೋಡಿದಳು, ಏಕೆಂದರೆ ಹಿಂದಿನ ವರ್ಷ ಅವಳು ಉಡುಗೊರೆಯ ಪೊಟ್ಟಣಗಳನ್ನು ಬಿಚ್ಚದೆ ರಾತ್ರಿ ನಾನು ಬರುವವರೆಗೆ ಕಾದಿದ್ದಳು. ಅಂದು ಹಿರಿಯರೆಂಬ ಗೌರವಕ್ಕೆ ನಾನು ಏನೂ ಹೇಳಲಿಲ್ಲ. ಈಗ ಹೇಳುತ್ತೇನೆ. ನನ್ನ ದರ್ಜೆಯ ನರ್ಸ್‌ಗಳಿಗೆ ಸಾರ್ವಜನಿಕ ರಜಾದಿನಗಳಂದು ಗಂಟೆಯ ಸಂಬಳಕ್ಕೆ ಶೇಕಡಾ 60ರಷ್ಟು ಸೇರಿಸಿ ಕೊಡುತ್ತಾರೆ, ಬದಲಿಗೆ ಇನ್ನೊಂದು ದಿನ ರಜೆಯೂ ಸಿಗುತ್ತದೆ. ಆದರೆ ಇದೇ ಶೇಕಡಾ 60 ವರ್ಷದ ಪ್ರತಿ ಭಾನುವಾರಕ್ಕೂ ಅನ್ವಯಿಸುತ್ತದೆ. ದುಡ್ಡಿನ ಆಸೆಯೇ ದೊಡ್ಡದಾಗಿದ್ದರೆ, ಮಗಳು ಉಡುಗೊರೆ ಬಿಚ್ಚಲು ಕಾಯುವ ದಿನವನ್ನೇ ಆರಿಸಿಕೊಳ್ಳುವ ಬದಲು ಜೂನ್ ತಿಂಗಳ ಯಾವುದಾದರೂ ಭಾನುವಾರ ಹೋಗಿ ಅಷ್ಟನ್ನೇ ಸಂಪಾದಿಸಬಹುದಿತ್ತು.

ಇನ್ನೊಂದು ಮಾತು ಸಹಾನುಭೂತಿಯ ವೇಷದಲ್ಲಿ ಬರುತ್ತದೆ: "ಹೇಗೂ ಅದು ನಿಮ್ಮ ಹಬ್ಬ ಅಲ್ಲವಲ್ಲ, ನಿಮಗೇನೂ ಅನ್ನಿಸೋದಿಲ್ಲ ಬಿಡಿ." ನಮ್ಮ ವಾರ್ಡಿನ ರೋಟಾ, ಅಂದರೆ ಪಾಳಿಯ ಪಟ್ಟಿ, ನೋಡಿದವರು ಈ ಮಾತು ಆಡಲಾರರು. ಕ್ರಿಸ್‌ಮಸ್ ಅಥವಾ ಹೊಸ ವರ್ಷ, ಎರಡರಲ್ಲಿ ಒಂದಕ್ಕೆ ಮಾತ್ರ ರಜೆ ಕೇಳಬಹುದು ಎಂಬುದು ನಮ್ಮಲ್ಲಿ ಎಲ್ಲರಿಗೂ ಒಂದೇ ನಿಯಮ. ಆ ದಿನ ನನ್ನ ಜೊತೆ ಇರುವವರಲ್ಲಿ ಕೊಟ್ಟಾಯಂ ಕಡೆಯ ಸಿರಿಯನ್ ಕ್ರೈಸ್ತರಿದ್ದಾರೆ, ಫಿಲಿಪೀನ್ಸಿನ ಕ್ಯಾಥೊಲಿಕರಿದ್ದಾರೆ, ಜಿಂಬಾಬ್ವೆಯವರಿದ್ದಾರೆ. ನಡುರಾತ್ರಿಯ ಪೂಜೆ ಮುಗಿಸಿ, ಮೂರು ತಾಸು ಮಲಗಿ, ಬೆಳಿಗ್ಗೆ ಏಳೂವರೆಯ ಪಾಳಿಗೆ ಬರುವವರೂ ಅವರಲ್ಲಿದ್ದಾರೆ. ಅಂದು ಬ್ರಿಟನ್ನಿನಲ್ಲಿ ರೈಲು ಓಡುವುದಿಲ್ಲ, ಬಸ್ಸುಗಳೂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕಾರಿರುವವರು ವಾರದ ಮೊದಲೇ ಪಟ್ಟಿ ಮಾಡಿಕೊಂಡು, ಬೆಳಗಿನ ಕತ್ತಲಲ್ಲಿ ಬೀದಿ ಬೀದಿಗೆ ಹೋಗಿ ಉಳಿದವರನ್ನು ಕರೆತರುತ್ತಾರೆ. ಸ್ವಚ್ಛತೆಯ ಕೆಲಸದವರೂ ಅಡುಗೆಮನೆಯವರೂ ಇದರಲ್ಲಿ ಸೇರಿರುತ್ತಾರೆ, ಅವರ ಬಗ್ಗೆ ಯಾರೂ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯಲ್ಲಿ ದೀಪಾವಳಿಯ ರಾತ್ರಿಗಳಲ್ಲಿ ಪಟಾಕಿಯಿಂದ ಗಾಯಗೊಂಡ ಮಕ್ಕಳಿಗಾಗಿ ವೈದ್ಯರೂ ನರ್ಸ್‌ಗಳೂ ಸಿದ್ಧರಾಗಿರುತ್ತಾರೆ. ದೀಪಾವಳಿ ಅವರಲ್ಲಿ ಬಹುಪಾಲು ಜನರ ಹಬ್ಬವೂ ಹೌದು. ಹಬ್ಬ ತಮ್ಮದಾದವರೂ ಅಲ್ಲದವರೂ ಒಟ್ಟಿಗೆ ದುಡಿದರೆ ಮಾತ್ರ ಆಸ್ಪತ್ರೆ ನಡೆಯುತ್ತದೆ, ಇಲ್ಲಿಯೂ ಅಲ್ಲಿಯೂ.

"ಆ ದಿನ ಆಸ್ಪತ್ರೆ ಖಾಲಿ ಇರುತ್ತದಲ್ಲ, ಆರಾಮಾಗಿ ಕೂತಿರಬಹುದು" ಎನ್ನುವವರಿಗೂ ಉತ್ತರ ಕೊಡಬೇಕಾಗಿದೆ. ಮೊದಲೇ ದಿನ ಗೊತ್ತುಮಾಡಿ ಮಾಡುವ ಶಸ್ತ್ರಚಿಕಿತ್ಸೆಗಳು ಆ ವಾರ ಕಡಿಮೆಯಾಗುತ್ತವೆ, ನಿಜ. ಆದರೆ ತುರ್ತಾಗಿ ಬರುವವರು ಬರುತ್ತಲೇ ಇರುತ್ತಾರೆ. ಸ್ವೀಡನ್ನಿನ ಸಂಶೋಧಕರು 1998ರಿಂದ 2013ರವರೆಗಿನ 2,83,014 ಹೃದಯಾಘಾತಗಳ ದಾಖಲೆಗಳನ್ನು ಪರಿಶೀಲಿಸಿ 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕ್ರಿಸ್‌ಮಸ್‌ನ ಹಿಂದಿನ ದಿನ, ಅಂದರೆ ಡಿಸೆಂಬರ್ 24ರಂದು, ಹೃದಯಾಘಾತದ ಅಪಾಯ ಶೇಕಡಾ 37ರಷ್ಟು ಹೆಚ್ಚು. ಅದು ತುತ್ತತುದಿಗೆ ಮುಟ್ಟುವುದು ರಾತ್ರಿ ಹತ್ತರ ಸುಮಾರಿಗೆ. ಎಪ್ಪತ್ತೈದು ದಾಟಿದವರಲ್ಲಿ, ಸಕ್ಕರೆ ಕಾಯಿಲೆ ಅಥವಾ ಮೊದಲೇ ಹೃದಯದ ತೊಂದರೆ ಇದ್ದವರಲ್ಲಿ ಈ ಏರಿಕೆ ಇನ್ನೂ ಸ್ಪಷ್ಟವಾಗಿ ಕಂಡುಬಂತು. ಸ್ವೀಡನ್ನಿನಲ್ಲಿ ಹಬ್ಬದ ಮುಖ್ಯ ದಿನವೇ 24. ಅದರ ಜೊತೆಗೆ ಇಲ್ಲಿ ಇದು ಫ್ಲೂ ಹಬ್ಬುವ ಕಾಲ, ವಾಂತಿ ಭೇದಿ ತರುವ ನೊರೊವೈರಸ್ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ದಾಟಿ ಇಡೀ ವಾರ್ಡನ್ನೇ ಮುಚ್ಚಿಸುವ ಕಾಲ, ಅಂಗಳದ ಹಿಮದ ಮೇಲೆ ಜಾರಿ ಸೊಂಟ ಮುರಿದುಕೊಳ್ಳುವ ಕಾಲ. ಆರಾಮಾಗಿ ಕೂರಲು ನನಗೆ ಕುರ್ಚಿ ಸಿಗುವುದೇ ಕಷ್ಟ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಅಸಮಾಧಾನದ ನಿಜವಾದ ಕಾರಣ ಬೇರೆಯದು. ಈ ಪ್ರಶ್ನೆಗಳೆಲ್ಲ ನನ್ನ ಕುರಿತಾಗಿವೆ: ನನ್ನ ರಜೆ, ನನ್ನ ಸಂಬಳ, ನನ್ನ ಧರ್ಮ. ಆ ದಿನ ಹಾಸಿಗೆಯಲ್ಲಿ ಯಾರಿರುತ್ತಾರೆ, ಅವರು ಏಕೆ ಮನೆಗೆ ಹೋಗಲಿಲ್ಲ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ನಾನು ಆ ಅಜ್ಜಿಯ ಬಗ್ಗೆ ಹೇಳುತ್ತಿದ್ದೆ.

ಅವರಿಗೆ ಎಂಬತ್ತು ದಾಟಿತ್ತು. ಮನೆಯಲ್ಲಿ ಬಿದ್ದು, ಎದೆಯ ಸೋಂಕೂ ಸೇರಿಕೊಂಡು, ಡಿಸೆಂಬರ್ ಆರಂಭದಲ್ಲಿ ನಮ್ಮಲ್ಲಿ ದಾಖಲಾಗಿದ್ದರು. 22ರಂದು ವೈದ್ಯರು ಪರೀಕ್ಷಿಸಿ, ಇನ್ನು ಆಸ್ಪತ್ರೆಯ ಚಿಕಿತ್ಸೆ ಬೇಕಾಗಿಲ್ಲ, ಮನೆಗೆ ಹೋಗಬಹುದು ಎಂದು ಬರೆದರು. ಹಾಗೆ ಬರೆದ ಮಾತ್ರಕ್ಕೆ ಒಂಟಿಯಾಗಿರುವ ವೃದ್ಧೆ ಮನೆಗೆ ಹೋಗಲು ಸಾಧ್ಯವಿಲ್ಲ ಎಂಬುದನ್ನು ಹೊರಗಿನವರು ತಿಳಿಯುವುದಿಲ್ಲ. ಅವರನ್ನು ಏಳಿಸಿ, ಸ್ನಾನ ಮಾಡಿಸಿ, ಊಟ ಮಾತ್ರೆ ಕೊಡಲು ದಿನಕ್ಕೆ ನಾಲ್ಕು ಸಲ ಮನೆಗೆ ಬರುವ ಕೇರರ್‌ಗಳು ಗೊತ್ತಾಗಿರಬೇಕು. ಆಸ್ಪತ್ರೆಗೆ ಸೇರಿದ ಮೇಲೆ ಹಳೆಯ ಏರ್ಪಾಡು ರದ್ದಾಗಿರುತ್ತದೆ, ಹೊಸದಕ್ಕೆ ಪುರಸಭೆಯ ಸಮಾಜ ಕಾರ್ಯಕರ್ತರ ಒಪ್ಪಿಗೆ ಬೇಕು. ಫಿಸಿಯೋಥೆರಪಿಯವರು ಮೆಟ್ಟಿಲು ಹತ್ತಿಸಿ ನೋಡಿರಬೇಕು. ಮನೆಗೆ ಒಯ್ಯುವ ಔಷಧ ಫಾರ್ಮಸಿಯಿಂದ ಬಂದಿರಬೇಕು. ಕರೆದೊಯ್ಯಲು ರೋಗಿಗಳ ಸಾಗಣೆಯ ವಾಹನ ಸಿಗಬೇಕು. ಈ ಎಲ್ಲದರಲ್ಲಿ ಒಂದು ಕೊಂಡಿ ಕಳಚಿದರೂ ಉಳಿದವು ವ್ಯರ್ಥ.

24ರ ಬೆಳಿಗ್ಗೆ ಎಲ್ಲವೂ ಸಿದ್ಧವಾಗಿತ್ತು. ಹತ್ತು ಗಂಟೆಗೇ ಅಜ್ಜಿ ಕೋಟು ತೊಟ್ಟು, ಉಣ್ಣೆಯ ಟೋಪಿ ಹಾಕಿಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕುಳಿತರು. ಮಧ್ಯಾಹ್ನ ಕೇರ್ ಸಂಸ್ಥೆಯಿಂದ ಕರೆ ಬಂತು. ಬರಬೇಕಾಗಿದ್ದ ಕೇರರ್‌ಗೆ ಜ್ವರ, ಇರುವ ಜನರೆಲ್ಲ ಹಳೆಯ ಗ್ರಾಹಕರ ಮನೆಗಳಿಗೇ ಸಾಲದಾಗಿದ್ದಾರೆ, ಹೊಸದಾಗಿ ಆರಂಭಿಸುವುದು 28ರ ನಂತರವೇ. ನಾನು ಬೇರೆ ಸಂಸ್ಥೆಗಳಿಗೆ ಫೋನ್ ಮಾಡಿದೆ. ಸಮಾಜ ಕಾರ್ಯಕರ್ತರ ಕಚೇರಿಗೆ ಮಾಡಿದೆ, ಅದು ಬೇಗ ಮುಚ್ಚಿತ್ತು. ಅಜ್ಜಿಯ ಒಬ್ಬಳೇ ಮಗಳು ಆಸ್ಟ್ರೇಲಿಯಾದಲ್ಲಿ. ಪಕ್ಕದ ಮನೆಯಾಕೆ ಬೆಕ್ಕಿಗೆ ಊಟ ಹಾಕಲು ಒಪ್ಪಿದ್ದಳೇ ಹೊರತು, ಒಬ್ಬ ಮನುಷ್ಯರನ್ನು ಎತ್ತಿ ಕೂರಿಸುವ ಹೊಣೆಯನ್ನು ಅವಳ ಮೇಲೆ ಹೊರಿಸುವುದು ಸರಿಯಲ್ಲ. ಸಂಜೆ ನಾಲ್ಕಕ್ಕೆ, ಹೊರಗೆ ಕತ್ತಲಾಗುತ್ತಿದ್ದಾಗ, ನಾನು ಅವರ ಮುಂದೆ ಮಂಡಿಯೂರಿ ಕುಳಿತು ವಿಷಯ ಹೇಳಿದೆ. ಅವರು ಅಳಲಿಲ್ಲ. ಫ್ರಿಜ್ಜಿನಲ್ಲಿ ಹಾಲಿದೆ, ಅದು ಕೆಡುತ್ತದೆ ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನಾನು ಯಾರಿಗೂ ತೊಂದರೆ ಕೊಟ್ಟಿಲ್ಲವಲ್ಲ" ಎಂದು ಕೇಳಿದರು. ಅವರ ಕೋಟನ್ನು ನಾನೇ ಬಿಚ್ಚಿ ಬೀರುವಿನಲ್ಲಿ ತೂಗುಹಾಕಿದೆ. ನನ್ನ ವೃತ್ತಿಯಲ್ಲಿ ಮರಣಗಳನ್ನು ಬಹಳ ಕಂಡಿದ್ದೇನೆ. ಆದರೂ ಆ ಕೋಟನ್ನು ಬಿಚ್ಚುವಾಗ ಬಂದಂಥ ಕೋಪ ನನಗೆ ಮತ್ತೆಂದೂ ಬಂದಿಲ್ಲ.

ಮರುದಿನ ವಾರ್ಡಿನಲ್ಲಿ ಹಬ್ಬವೇನೋ ಆಯಿತು. ಪ್ರತಿ ರೋಗಿಗೂ ಒಂದು ಪುಟ್ಟ ಉಡುಗೊರೆ, ಕೈಗೆ ಹಚ್ಚುವ ಕ್ರೀಮು ಅಥವಾ ಕಾಲುಚೀಲ. ಮಧ್ಯಾಹ್ನ ಟರ್ಕಿ ಮಾಂಸ, ಹುರಿದ ಆಲೂಗಡ್ಡೆ, ಗ್ರೇವಿ. ಪಾರ್ಶ್ವವಾಯುವಿನಿಂದ ನುಂಗಲು ಕಷ್ಟವಾದವರಿಗೆ ಅದೇ ಊಟವನ್ನು ನುಣ್ಣಗೆ ಅರೆದು, ಪ್ರತಿಯೊಂದನ್ನೂ ತಟ್ಟೆಯಲ್ಲಿ ಬೇರೆ ಬೇರೆಯಾಗಿ ಅಚ್ಚುಕಟ್ಟಾಗಿ ಬಡಿಸಿ ಕಳಿಸಿದ್ದರು. ಒಬ್ಬೊಬ್ಬರಿಗೆ ತುತ್ತು ಇಡಲು ಅರ್ಧ ಗಂಟೆ ಬೇಕು, ಅವಸರ ಮಾಡಿದರೆ ಅನ್ನನಾಳಕ್ಕೆ ಹೋಗಬೇಕಾದದ್ದು ಶ್ವಾಸನಾಳಕ್ಕೆ ಹೋಗುತ್ತದೆ. ಕ್ರ್ಯಾಕರ್ ಎಂಬ, ಇಬ್ಬರು ಎರಡು ತುದಿ ಹಿಡಿದು ಎಳೆದು ಬಿಚ್ಚುವ ಕಾಗದದ ಸುರುಳಿಯಲ್ಲಿ ಸಿಕ್ಕ ಕಿರೀಟವನ್ನು ನಮ್ಮ ಅಜ್ಜಿ ರೌಂಡ್ಸಿಗೆ ಬಂದ ಹಿರಿಯ ವೈದ್ಯರ ತಲೆಗೆ ಇಟ್ಟು, ತೆಗೆದರೆ ಮಾತ್ರೆ ನುಂಗುವುದಿಲ್ಲ ಎಂದು ಹೆದರಿಸಿದರು. ರೌಂಡ್ಸ್ ಮುಗಿಯುವವರೆಗೂ ಆ ವೈದ್ಯರು ನೇರಳೆ ಬಣ್ಣದ ಕಿರೀಟದಲ್ಲೇ ಎದೆಬಡಿತ ಆಲಿಸಿದರು, ಇಡೀ ವಾರ್ಡು ನಕ್ಕಿತು. ಅದೇ ಹೊತ್ತಿನಲ್ಲಿ ಕೆಳಗಿನ ತುರ್ತು ವಿಭಾಗದಲ್ಲಿ ಹಾಸಿಗೆ ಇಲ್ಲದೆ ರೋಗಿಗಳು ಟ್ರಾಲಿಯ ಮೇಲೆ ಕಾಯುತ್ತಿದ್ದರು. ಮೇಲೆ, ಹಾಸಿಗೆ ಬೇಡವಾದವರು ಹಾಸಿಗೆಯಲ್ಲಿದ್ದರು. ಅಜ್ಜಿಯಂತಹವರಿಗೆ ಆ ದಿನಗಳು ಬರೀ ಬೇಸರದ ದಿನಗಳಲ್ಲ. ಮುದಿ ವಯಸ್ಸಿನಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿ ಕಳೆಯುವ ಒಂದೊಂದು ದಿನವೂ ಕಾಲಿನ ಬಲವನ್ನು ಕುಗ್ಗಿಸುತ್ತದೆ, ಹೊಸ ಸೋಂಕಿಗೆ ದಾರಿ ಮಾಡುತ್ತದೆ.

ನಾನು ಓದಿದ್ದು ಮಂಗಳೂರಿನಲ್ಲಿ. ಅಲ್ಲಿ ಕ್ರಿಸ್‌ಮಸ್‌ಗೆ ಆಸ್ಪತ್ರೆಯ ಅಂಗಳದಲ್ಲಿ ಗೋದಲಿ ಕಟ್ಟುತ್ತಿದ್ದೆವು, ಕುಸ್ವಾರಿನ (ಕ್ರಿಸ್‌ಮಸ್ ತಿಂಡಿಗಳ) ತಟ್ಟೆ ವಾರ್ಡಿನಿಂದ ವಾರ್ಡಿಗೆ ಹೋಗುತ್ತಿತ್ತು, ಮತ್ತು ಪ್ರತಿ ಹಾಸಿಗೆಯ ಬಳಿ ಮನೆಯವರೊಬ್ಬರು ಚಾಪೆ ಹಾಸಿ ಇರುತ್ತಿದ್ದರು. ಆ ಪದ್ಧತಿಯನ್ನು ನಾನು ಹೊಗಳುತ್ತಿಲ್ಲ, ಏಕೆಂದರೆ ನರ್ಸ್‌ಗಳು ಮಾಡಬೇಕಾದ ಎಷ್ಟೋ ಕೆಲಸವನ್ನು ಅದು ದಣಿದ ಸೊಸೆಯರಿಂದಲೂ ಹೆಂಡಂದಿರಿಂದಲೂ ಮಾಡಿಸುತ್ತದೆ. ಇಲ್ಲಿ ಮನೆಯವರು ಸಾಮಾನ್ಯವಾಗಿ ರಾತ್ರಿ ಉಳಿಯುವುದಿಲ್ಲ, ಆರೈಕೆಯ ಹೊಣೆ ಪೂರ್ತಿ ಸಿಬ್ಬಂದಿಯದು. ಅದು ಸರಿಯಾದ ವ್ಯವಸ್ಥೆ. ಆದರೆ ಆ ವ್ಯವಸ್ಥೆ ಆಸ್ಪತ್ರೆಯ ಬಾಗಿಲಿನಾಚೆಯೂ ವರ್ಷವಿಡೀ ಇರಬೇಕು. ಕ್ರಿಸ್‌ಮಸ್ ವಾರದಲ್ಲಿ ಆಸ್ಪತ್ರೆ ತೆರೆದಿರುತ್ತದೆ, ಅದಕ್ಕೆ ಆಸರೆಯಾಗಿರುವ ಉಳಿದುದೆಲ್ಲ ಬಾಗಿಲು ಹಾಕಿರುತ್ತದೆ. ಹಾಗೆ ಮುಚ್ಚಿದ್ದರ ಭಾರವನ್ನು ಹೊರುವುದೇ ಆ ದಿನ ನಮ್ಮ ಡ್ಯೂಟಿ.

ಇನ್ನು, ಹಬ್ಬಕ್ಕೆ ಮುಂಚೆ ಹೇಗಾದರೂ ಮನೆ ಸೇರಿದವರ ಸ್ಥಿತಿಯೂ ನಿಶ್ಚಿಂತವಲ್ಲ. ಕೆನಡಾದ ಒಂಟಾರಿಯೊದಲ್ಲಿ ಲಕ್ಷಾಂತರ ರೋಗಿಗಳ ದಾಖಲೆಗಳನ್ನು ಹೋಲಿಸಿ ನೋಡಿದ ಅಧ್ಯಯನವೊಂದು 2018ರಲ್ಲಿ ಅದೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಡಿಸೆಂಬರ್ ರಜಾ ವಾರಗಳಲ್ಲಿ ಡಿಸ್ಚಾರ್ಜ್ ಆದವರಲ್ಲಿ ಏಳು ದಿನಗಳೊಳಗೆ ಮತ್ತೆ ವೈದ್ಯರನ್ನು ಕಂಡವರು ಶೇಕಡಾ 36.3 ಮಾತ್ರ. ಬೇರೆ ವಾರಗಳಲ್ಲಿ ಡಿಸ್ಚಾರ್ಜ್ ಆದವರಲ್ಲಿ ಈ ಪ್ರಮಾಣ 47.8. ಮೂವತ್ತು ದಿನಗಳೊಳಗೆ ತೀರಿಕೊಂಡವರ ಅಥವಾ ಆಸ್ಪತ್ರೆಗೆ ಮರಳಿದವರ ಪ್ರಮಾಣ ರಜಾ ವಾರಗಳ ಗುಂಪಿನಲ್ಲಿ 25.9, ಇನ್ನೊಂದರಲ್ಲಿ 24.7. ಅಂತರ ಸಣ್ಣದೆಂದು ತೋರಬಹುದು. ಪ್ರತಿ ನೂರು ಜನರಲ್ಲಿ ಒಬ್ಬರಿಗಿಂತ ಹೆಚ್ಚು ಎಂದರೆ, ನಮ್ಮಂತಹ ಆಸ್ಪತ್ರೆಗೆ ಅದು ಹೆಸರು ಗೊತ್ತಿರುವ ಮುಖಗಳು.

ಆದ್ದರಿಂದ ಈ ದೇಶದಲ್ಲಿರುವ ಕನ್ನಡಿಗರಲ್ಲಿ, ತಂದೆತಾಯಿಯರೋ ನೆರೆಯ ಹಿರಿಯರೋ ಡಿಸೆಂಬರ್‌ನಲ್ಲಿ ಆಸ್ಪತ್ರೆಯಲ್ಲಿರುವ ಎಲ್ಲರಲ್ಲಿ ನನ್ನ ವಿನಂತಿ ಇಷ್ಟು. ನನಗೆ ರಜೆ ಇದೆಯೇ ಎಂದು ಕೇಳುವುದನ್ನು ಬಿಟ್ಟು, 22 ಅಥವಾ 23ರಂದೇ ವಾರ್ಡಿನ ನರ್ಸ್‌ನ್ನು ಕಂಡು ಬೇರೆ ಪ್ರಶ್ನೆಗಳನ್ನು ಕೇಳಿ. ಮನೆಗೆ ಕೊಡುವ ಮಾತ್ರೆಗಳು ಎಷ್ಟು ದಿನಕ್ಕೆ ಸಾಕಾಗುತ್ತವೆ, ಅವು ಈಗಾಗಲೇ ವಾರ್ಡಿಗೆ ಬಂದಿವೆಯೇ? ಕೇರರ್ ಬರುವ ಮೊದಲ ದಿನ ಯಾವುದು, ಬಾರದಿದ್ದರೆ ಯಾವ ಸಂಖ್ಯೆಗೆ ಫೋನ್ ಮಾಡಬೇಕು? ಜಿಪಿಯ, ಅಂದರೆ ಕುಟುಂಬ ವೈದ್ಯರ, ಕ್ಲಿನಿಕ್ ಮತ್ತೆ ತೆರೆಯುವುದು ಯಾವಾಗ? 25ರಂದು ತೆರೆದಿರುವ ಔಷಧ ಅಂಗಡಿ ಹತ್ತಿರದಲ್ಲಿ ಯಾವುದು? ಎನ್‌ಎಚ್‌ಎಸ್‌ನ 111 ಸಂಖ್ಯೆಗೆ ಹಗಲು ರಾತ್ರಿ ಎನ್ನದೆ ಕರೆ ಮಾಡಬಹುದು, ಅದನ್ನು ಫ್ರಿಜ್ಜಿನ ಬಾಗಿಲಿಗೆ ದೊಡ್ಡದಾಗಿ ಬರೆದು ಅಂಟಿಸಿ. ಮನೆಯಲ್ಲಿ ಹೀಟರ್ ಹಾಕಿ, ಹಾಲು ಬ್ರೆಡ್ಡು ತಂದಿಡಿ. ಪಕ್ಕದ ಮನೆಯ ಒಂಟಿ ಹಿರಿಯರ ಮನೆಯ ದೀಪ ಎರಡು ದಿನದಿಂದ ಉರಿಯದಿದ್ದರೆ ಹೋಗಿ ಬಾಗಿಲು ತಟ್ಟಿ.